ಆಟಕ್ಕೆ ಕೂಲಿ

ಶಿವಮೊಗ್ಗದ ಕೋಟೆಯ ಕಡೆಗೆ ಎಂದಾದರೂ ಬಂದಿದ್ದರೆ ತಾವು ಮಾರಿಕಾಂಬಾ ದೇವಿಯ ಗುಡಿಯನ್ನು ನೋಡಿರುತ್ತೀರಿ. ಎರಡು ವರ್ಷಕ್ಕೊಮ್ಮೆ ಅಲ್ಲಿ ಜಾತ್ರೆ. ಜಾತ್ರೆಯೊಡನೆ ಕುಸ್ತಿಯೂ ಉಂಟು. ಹಲಗೆಯ ಸದ್ದು ಏಳುತ್ತದೆ, ಕೆಮ್ಮಣ್ಣು ಹದಮಾಡಿದ ಅಖಾಡದ ಸುತ್ತ ಜನ ಕಿಕ್ಕಿರಿಯುತ್ತಾರೆ, ಹಿರಿಯರು ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರೆ. ಜೋಡಿ ಕಟ್ಟಿದೊಡನೆ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ: ಈ ಕುಸ್ತಿಗೆ ಇಷ್ಟು ರೂಪಾಯಿ. ಕುಸ್ತಿ ಸಮವಾದರೆ ಇಬ್ಬರಿಗೂ ಪಾಲು. ಗೆದ್ದ ಪೈಲ್ವಾನ ನಾಲ್ಕು ದಿಕ್ಕಿಗೂ ಕೈಮುಗಿದು, ನೋಟನ್ನು ಎಲ್ಲರೆದುರಿಗೇ ಕೈಯಲ್ಲಿ ಹಿಡಿದುಕೊಂಡು ಹೊರಡುತ್ತಾನೆ. ಹಣ ಕೊಟ್ಟುದರಿಂದ ಕುಸ್ತಿ ಕೆಟ್ಟಿತೆಂದು ಕೋಟೆಯಲ್ಲಿ ಯಾರೂ ಹೇಳಿದುದನ್ನು ನಾನು ಈವರೆಗೆ ಕೇಳಿಲ್ಲ. ಹಾಲು, ಬಾದಾಮಿ, ತುಪ್ಪ ಇವು ಅಂಗಡಿಯಲ್ಲಿ ಧರ್ಮಕ್ಕೆ ಸಿಕ್ಕುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಇನ್ನು ಅದೇ ಊರಿನಲ್ಲಿ, ಅದೇ ಜನರ ನಡುವೆ, ಒಂದು ಕಬಡ್ಡಿ ಪಂದ್ಯಾವಳಿಗೆ ಬನ್ನಿ. ಹೊನಲು ಬೆಳಕು, ಶಾಮಿಯಾನ, ಉದ್ಘಾಟನೆಯ ಭಾಷಣ, ಎಲ್ಲವೂ ಉಂಟು. ಅಂಕಣಕ್ಕಿಳಿದ ಏಳು ಜನರಲ್ಲಿ ಮೂವರ ಮುಖ ಬಡಾವಣೆಯವರಾರಿಗೂ ಪರಿಚಯವಿಲ್ಲ. ಬನಿಯನ್ನಿನ ಮೇಲೆ ಮಾತ್ರ ನಮ್ಮ ಸಂಘದ ಹೆಸರು. ‘ಇವರು ಯಾರಪ್ಪಾ?’ ಎಂದು ಕೇಳಿದರೆ, ‘ಅತಿಥಿ ಆಟಗಾರರು’ ಎಂದು ಉತ್ತರ. ಅತಿಥಿಗಳಿಗೆ ಸತ್ಕಾರ ಆಗಬೇಕಷ್ಟೆ. ಪಂದ್ಯ ಮುಗಿದ ಮೇಲೆ ಶಾಮಿಯಾನದ ಹಿಂದೆ, ಕತ್ತಲಲ್ಲಿ, ಒಂದು ಲಕೋಟೆ ಕೈ ಬದಲಾಗುತ್ತದೆ. ಎಷ್ಟು ಎಂದು ಯಾರೂ ಕೂಗಿ ಹೇಳುವುದಿಲ್ಲ.

ಇದು ನನಗೆ ಹೇಗೆ ಗೊತ್ತೆಂದು ತಾವು ಕೇಳಬಹುದು. ಆ ಲಕೋಟೆಯೊಳಗೆ ನೋಟುಗಳನ್ನು ಎಣಿಸಿ ಇಡುತ್ತಿದ್ದವನು ನಾನೇ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಸಣ್ಣದೊಂದು ಸಂಘಕ್ಕೆ ಆರು ವರ್ಷ ಖಜಾಂಚಿಯಾಗಿದ್ದೆ. ಮೇಷ್ಟ್ರು, ಲೆಕ್ಕ ಶುದ್ಧ ಎಂದು ಜನ ನಂಬಿ ಕೊಟ್ಟ ಕೆಲಸ. ಲೆಕ್ಕವೇನೋ ಶುದ್ಧವಾಗಿಯೇ ಇತ್ತು; ಜಮಾ ಖರ್ಚು ತಾಳೆಯಾಗುತ್ತಿತ್ತು. ಆದರೆ ಲಕೋಟೆಯ ಹಣವನ್ನು ನಾನು ‘ಬಸ್ ಚಾರ್ಜು’ ಎಂಬ ತಲೆಬರಹದ ಕೆಳಗೆ ಬರೆಯುತ್ತಿದ್ದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರು ದಾರಿಯೂ ಇಲ್ಲ. ನಮ್ಮ ಪುಸ್ತಕದ ಲೆಕ್ಕದಂತೆ ಆ ಹುಡುಗರು ದಿಲ್ಲಿಗೆ ಹೋಗಿಬಂದಷ್ಟು ಬಸ್ ಚಾರ್ಜು ತೆತ್ತಿದ್ದರು. ವಾರ್ಷಿಕ ಸಭೆಯಲ್ಲಿ ಅದನ್ನು ಓದುವಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ಓದುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆರು ವರ್ಷ ಹೀಗೆಯೇ ನಡೆಯಿತು.

ಈ ಬಗೆಯ ಲೆಕ್ಕ ಬರೆದವನು ನಾನೇ ಮೊದಲಿಗನಲ್ಲವೆಂಬುದು ಆಮೇಲೆ ತಿಳಿಯಿತು. ಒಂದು ಆಟದ ಸಂಘಗಳು ಸುಮಾರು ನೂರು ವರ್ಷ ಕಾಲ ಇದನ್ನೇ ಬರೆದಿವೆ. ಆ ಆಟ ರಗ್ಬಿ.

ರಗ್ಬಿ ನಮ್ಮ ಕಡೆ ಅಷ್ಟಾಗಿ ಬಳಕೆಯಲ್ಲಿಲ್ಲದ ಆಟ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುವುದು. ಚೆಂಡೊಂದನ್ನು ಬಿಟ್ಟರೆ ನಮ್ಮ ಕಬಡ್ಡಿಯ ದೊಡ್ಡ ಬಳಗವೆನ್ನಬಹುದು. ಇಂಗ್ಲೆಂಡಿನಲ್ಲಿ ರಗ್ಬಿ ಎಂಬ ಊರಿನ ಶಾಲೆಯಲ್ಲಿ ಬೆಳೆದ ಆಟ; 1871ರಲ್ಲಿ ಲಂಡನ್ನಿನಲ್ಲಿ ಅದಕ್ಕೊಂದು ಒಕ್ಕೂಟ ಹುಟ್ಟಿತು. ಒಕ್ಕೂಟವನ್ನು ನಡೆಸುತ್ತಿದ್ದವರು ಬಹುಮಟ್ಟಿಗೆ ಅನುಕೂಲಸ್ಥರು, ದೊಡ್ಡ ಶಾಲೆಗಳಲ್ಲಿ ಕಲಿತವರು. ಆಟ ಆಡುವುದು ಆನಂದಕ್ಕಾಗಿ, ಅದಕ್ಕೆ ಕಾಸು ಮುಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಅವರ ನಂಬಿಕೆ.

ಈ ಆಟದಲ್ಲಿ ಹಣವನ್ನು ಕುರಿತ ಅತ್ಯಂತ ಸೊಗಸಾದ ಕತೆ ನಮ್ಮ ದೇಶದ್ದೇ. ಕಲ್ಕತ್ತದಲ್ಲಿದ್ದ ಇಂಗ್ಲಿಷರು 1873ರಲ್ಲಿ ಒಂದು ರಗ್ಬಿ ಕ್ಲಬ್ಬನ್ನು ಕಟ್ಟಿದರು. ಬಂಗಾಳದ ಸೆಕೆಯಲ್ಲಿ ಆ ಆಟ ಬಹುಕಾಲ ಬಾಳಲಿಲ್ಲ. ಐದಾರು ವರ್ಷದಲ್ಲಿ ಕ್ಲಬ್ಬು ಮುಚ್ಚಬೇಕಾಯಿತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಅವರು ಹಂಚಿಕೊಳ್ಳಲಿಲ್ಲ. 270 ಬೆಳ್ಳಿ ರೂಪಾಯಿಗಳನ್ನು ಬಿಡಿಸಿಕೊಂಡು ಬಂದು, ಕರಗಿಸಿ, ಒಂದು ಬಟ್ಟಲು ಮಾಡಿಸಿ ಇಂಗ್ಲೆಂಡಿನ ಒಕ್ಕೂಟಕ್ಕೆ ಒಪ್ಪಿಸಿದರು. ಅದರ ಹಿಡಿಗಳು ಹೆಡೆಯೆತ್ತಿದ ನಾಗರಹಾವುಗಳು. ಮುಚ್ಚಳದ ಮೇಲೆ ಒಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಆ ‘ಕಲ್ಕತ್ತ ಕಪ್ಪಿ’ಗಾಗಿ ಸೆಣಸುತ್ತ ಬಂದಿವೆ. ದುಡ್ಡು ಕರಗಿ ಕೀರ್ತಿಯಾಯಿತು. ಅನುಕೂಲಸ್ಥರ ಕ್ಲಬ್ಬಿಗೆ ಇದು ಸಾಧ್ಯ.

ಆದರೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತಗಳಲ್ಲಿ, ಈ ಆಟವನ್ನು ಆಡುತ್ತಿದ್ದವರು ಗಿರಣಿಯ ಕೂಲಿಗಳು, ಕಲ್ಲಿದ್ದಲ ಗಣಿಯವರು. ಅವರಿಗೆ ಶನಿವಾರವೂ ಮಧ್ಯಾಹ್ನದವರೆಗೆ ದುಡಿಮೆ. ಪರಸ್ಥಳದಲ್ಲಿ ಪಂದ್ಯವಿದ್ದರೆ ಬೆಳಿಗ್ಗೆಯೇ ರೈಲು ಹತ್ತಬೇಕು. ಆ ದಿನದ ಕೂಲಿ ಹೋಯಿತು. ಅವರು ಕೇಳಿದುದು ಸಂಬಳವನ್ನಲ್ಲ. ಆಟದಿಂದಾಗಿ ತಪ್ಪಿದ ಕೂಲಿಯನ್ನಷ್ಟು ಕ್ಲಬ್ಬು ಭರ್ತಿಮಾಡಿಕೊಡಲಿ ಎಂದರು. 1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದ ಒಕ್ಕೂಟದ ಸಭೆಯಲ್ಲಿ ಈ ಸೂಚನೆ ಮತಕ್ಕೆ ಬಂತು. ಪರವಾಗಿ 136, ವಿರೋಧವಾಗಿ 282. ಶನಿವಾರದ ಕೂಲಿ ತಪ್ಪಿದರೆ ಭಾನುವಾರದ ಊಟಕ್ಕೆ ಏನಾಗುತ್ತದೆ ಎಂಬ ಅನುಭವ ಆ 282 ಮಂದಿಗೆ ಇದ್ದಂತಿಲ್ಲ.

ಎರಡು ವರ್ಷ ಕಳೆದ ಮೇಲೆ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ಎಂಬ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳವರು ಸಭೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಒಕ್ಕೂಟವನ್ನು ಬಿಟ್ಟು ಬೇರೊಂದು ಮನೆ ಹೂಡಿದುವು. ತಪ್ಪಿದ ಕೂಲಿಗೆ ಬದಲಾಗಿ ದಿನಕ್ಕೆ ಆರು ಷಿಲ್ಲಿಂಗ್ ಮೀರದಂತೆ ಕೊಡಬಹುದು ಎಂಬುದು ಹೊಸ ಮನೆಯ ನಿಯಮ. ಆರು ಷಿಲ್ಲಿಂಗಿಗೆ ಒಂದು ಆಟ ಎರಡಾಗಿ ಸೀಳಿಹೋಯಿತು. ಹೊಸ ಮನೆಯವರು ಮುಂದೆ 1906ರಲ್ಲಿ ತಂಡಕ್ಕೆ ಹದಿನೈದು ಜನರ ಬದಲು ಹದಿಮೂರು ಜನ ಸಾಕೆಂದರು. 1922ರಲ್ಲಿ ತಮ್ಮನ್ನು ‘ರಗ್ಬಿ ಲೀಗ್’ ಎಂದು ಕರೆದುಕೊಂಡರು. ಹಳೆಯ ಮನೆಯವರದು ‘ರಗ್ಬಿ ಯೂನಿಯನ್’. ದಾಯಾದಿ ಮತ್ಸರವೆಂದರೆ ಎಂಥದು! ಲೀಗಿನ ಅಂಗಳದಲ್ಲಿ ದುಡ್ಡಿಗೆ ಆಡಿದವನಿಗೆ ಯೂನಿಯನ್ನಿನ ಬಾಗಿಲು ಮತ್ತೆ ತೆರೆಯುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಮಾತ್ರ, ಸೈನ್ಯದಲ್ಲಿ ಒಟ್ಟಿಗೆ ಗುಂಡು ಹಾರಿಸುವವರು ಒಟ್ಟಿಗೆ ಚೆಂಡು ಹಿಡಿಯಬಹುದೆಂದು ಒಪ್ಪಿದರು. 1943ರಲ್ಲಿಯೂ 1944ರಲ್ಲಿಯೂ ಎರಡು ಮನೆಯವರ ನಡುವೆ ಒಂದೊಂದು ಪಂದ್ಯ ನಡೆಯಿತು; ಯೂನಿಯನ್ನಿನ ನಿಯಮದಂತೆಯೇ ಆಡಿದರೂ ಎರಡು ಸಲವೂ ಗೆದ್ದವರು ಲೀಗಿನವರು. ಯುದ್ಧ ಮುಗಿಯಿತು, ಬಾಗಿಲು ಮತ್ತೆ ಹಾಕಿತು.

ಬಾಗಿಲು ಹಾಕಿದ ಮನೆಯೊಳಗೆ ಹಣ ಬರಲಿಲ್ಲವೆ? ಬಂತು. ವೇಲ್ಸ್ ನಾಡಿನಲ್ಲಿ ಅದಕ್ಕೆ ‘ಬೂಟಿನ ಹಣ’ ಎಂದೇ ಹೆಸರು ಬಿದ್ದಿತ್ತು. ಪಂದ್ಯ ಮುಗಿಸಿ ಆಟಗಾರ ಸ್ನಾನಕ್ಕೆ ಹೋಗುತ್ತಾನೆ. ಹಿಂದಿರುಗಿ ಬರುವಷ್ಟರಲ್ಲಿ ಅವನ ಬೂಟಿನೊಳಗೆ ಯಾವುದೋ ದೇವರು ನೋಟು ಇಟ್ಟು ಮಾಯವಾಗಿರುತ್ತಾನೆ! ನಮ್ಮದು ಬಸ್ ಚಾರ್ಜು, ಅವರದು ಬೂಟು. ಇದೆಲ್ಲ ಕಣ್ಣುಮುಚ್ಚಾಲೆಯಲ್ಲಿ ನಡೆಯುತ್ತಿದ್ದಾಗಲೇ, ಎದುರಿಗೆ ಬಂದು ಕಾಸು ಮುಟ್ಟಿದವನಿಗೆ ಶಿಕ್ಷೆ. ವೇಲ್ಸ್‌ನ ಗ್ಯಾರೆತ್ ಎಡ್ವರ್ಡ್ಸ್ ಎಂಬ ಮಹಾ ಆಟಗಾರ 1978ರಲ್ಲಿ ಆಟದಿಂದ ನಿವೃತ್ತನಾಗಿ ಆತ್ಮಕಥೆ ಪ್ರಕಟಿಸಿದ. ಪುಸ್ತಕದ ಹಣ ತೆಗೆದುಕೊಂಡನಾದುದರಿಂದ ಅವನು ಹವ್ಯಾಸಿಯಲ್ಲ ಎಂದು ತೀರ್ಮಾನವಾಯಿತು. ಹುಡುಗರಿಗೆ ಆಟ ಕಲಿಸಲೂ ಅವನು ಅನರ್ಹ. ಆಡಿ ಗಳಿಸಿದುದಲ್ಲ, ಬರೆದು ಗಳಿಸಿದುದು! ಲೇಖಕರಾದವರಿಗೆ ಈ ಸಂಗತಿ ನಗು ತರಿಸೀತು. ಪುಸ್ತಕ ಬರೆದು ಹಣ ಬರುತ್ತದೆಂಬುದೇ ನಮ್ಮಲ್ಲಿ ಅನೇಕರಿಗೆ ಹೊಸ ಸುದ್ದಿ.

ಕ್ರಿಕೆಟ್ಟಿನ ಹಳೆಯ ಇಂಗ್ಲೆಂಡಿನಲ್ಲಿಯೂ ಈ ಮಡಿಮೈಲಿಗೆ ಇತ್ತು. ಹವ್ಯಾಸಿ ‘ಜಂಟಲ್‌ಮನ್’, ಹಣ ಪಡೆಯುವವನು ಬರಿಯ ‘ಪ್ಲೇಯರ್’. ಎಷ್ಟೋ ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಕೊಠಡಿ, ಬೇರೆ ಬೇರೆ ಬಾಗಿಲು. ಆದರೆ ಹವ್ಯಾಸಿಗಳ ಶಿರೋಮಣಿಯಾದ ಡಾಕ್ಟರ್ ಡಬ್ಲ್ಯು. ಜಿ. ಗ್ರೇಸ್ 1891-92ರ ಆಸ್ಟ್ರೇಲಿಯಾ ಪ್ರವಾಸವೊಂದಕ್ಕೆ ಪಡೆದುದು 3,000 ಪೌಂಡು. ಈ ಭೇದವನ್ನು ಕ್ರಿಕೆಟ್ಟಿನವರು 1962ರ ಕೊನೆಯಲ್ಲಿ ತೆಗೆದುಹಾಕಿದರು. ರಗ್ಬಿಯವರು ಇನ್ನೂ ಮೂವತ್ತಮೂರು ವರ್ಷ ಹಿಡಿದು ಕುಳಿತರು. ಕೊನೆಗೆ ದೂರದರ್ಶನದ ಹಣ ಹೊಳೆಯಂತೆ ನುಗ್ಗಿತು. 1995ರ ಜೂನ್‌ನಲ್ಲಿ ರೂಪರ್ಟ್ ಮರ್ಡೋಕನ ಕಂಪನಿ ದಕ್ಷಿಣ ಗೋಳಾರ್ಧದ ಮೂರು ದೇಶಗಳ ರಗ್ಬಿ ಪ್ರಸಾರಕ್ಕೆ 55 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಆ ಆಗಸ್ಟ್ ತಿಂಗಳ ಕೊನೆಯ ವಾರ, ಜಾರ್ಜ್ ಹೋಟೆಲಿನ ಸಭೆಗೆ ನೂರು ವರ್ಷ ತುಂಬಲು ಎರಡು ಮೂರು ದಿನ ಉಳಿದಿದ್ದಾಗ, ಅಂತರರಾಷ್ಟ್ರೀಯ ಮಂಡಲಿ ಪ್ಯಾರಿಸ್ಸಿನಲ್ಲಿ ಘೋಷಿಸಿತು: ಇನ್ನು ಮೇಲೆ ಯಾರಿಗೆ ಬೇಕಾದರೂ ಹಣ ಕೊಡಬಹುದು.

ಅಲ್ಲಿಗೆ ಕತೆ ಸುಖಾಂತವಾಯಿತೆಂದು ತಿಳಿಯಬೇಡಿ. ನೂರು ವರ್ಷ ಮುಚ್ಚಿಟ್ಟುದನ್ನು ಒಂದೇ ದಿನ ತೆರೆದರೆ ಏನಾಗಬೇಕೋ ಅದೇ ಆಯಿತು. ಲಂಡನ್ನಿನ ಪಕ್ಕದ ರಿಚ್ಮಂಡ್ ಕ್ಲಬ್ಬು 1861ರಲ್ಲಿ ಹುಟ್ಟಿದ್ದು. ಹಣವಂತನೊಬ್ಬ ಅದನ್ನು ಕೊಂಡ, ದೊಡ್ಡ ದೊಡ್ಡ ಸಂಬಳಕ್ಕೆ ಆಟಗಾರರನ್ನು ತರಿಸಿದ. ಅವನು ಕೈಬಿಟ್ಟೊಡನೆ 1999ರಲ್ಲಿ ಆ ಸಂಬಳದ ತಂಡ ದಿವಾಳಿಯೆದ್ದಿತು. ಈಚೆಗೆ, 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್, ಈ ಮೂರು ದೊಡ್ಡ ಕ್ಲಬ್ಬುಗಳೂ ಸಾಲದಲ್ಲಿ ಮುಳುಗಿ ಮೇಲಿನ ದರ್ಜೆಯಿಂದ ಮರೆಯಾದುವು. ದೊಡ್ಡವರನ್ನು ನೋಡಿ ಸಣ್ಣ ಊರಿನ ಕ್ಲಬ್ಬುಗಳೂ ಪಂದ್ಯಕ್ಕಿಷ್ಟು ಎಂದು ಕೊಡತೊಡಗಿದುವು. ಸದಸ್ಯರ ಚಂದಾ ಹಣ ಹೊರಗಿನ ಹುಡುಗನ ಜೇಬಿಗೆ; ಊರಿನ ಹುಡುಗ ಗೆರೆಯಾಚೆ ಕುಳಿತು ಚಪ್ಪಾಳೆ ತಟ್ಟಬೇಕು. ಮರುವರ್ಷ ಪಕ್ಕದ ಊರಿನವರು ಇನ್ನಷ್ಟು ಕೊಟ್ಟರೆ ಆ ಹೊರಗಿನವನೂ ಇಲ್ಲ. ಈ ಮಾತು ಕೇಳಿದಾಗ ಇದು ಇಂಗ್ಲೆಂಡಿನ ವರ್ತಮಾನವೋ ನಮ್ಮ ಬಡಾವಣೆಯದೋ ಎಂದು ನನಗೆ ಒಂದು ಕ್ಷಣ ಗಲಿಬಿಲಿಯಾಯಿತು.

ನಮ್ಮ ನಾಡಿನಲ್ಲಿ ಈ ಕಗ್ಗಂಟನ್ನು ಬಿಡಿಸಲು ಬೇರೆಯದೇ ದಾರಿ ಹುಡುಕಿದ್ದರು. ಅದಕ್ಕೆ ಭದ್ರಾವತಿಗಿಂತ ಹತ್ತಿರದ ನಿದರ್ಶನ ಬೇಡ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು, ಸರ್ ಎಂ. ವಿಶ್ವೇಶ್ವರಯ್ಯನವರೇ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಒಂದೊಂದು ಕಾರ್ಖಾನೆಯೂ ಒಂದೊಂದು ಊರನ್ನೇ ಕಟ್ಟಿತು. ನ್ಯೂ ಟೌನ್, ಪೇಪರ್ ಟೌನ್ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಮನೆ, ಶಾಲೆ, ಆಸ್ಪತ್ರೆಗಳೊಡನೆ ಮೈದಾನ, ಕ್ಲಬ್ಬು, ತಂಡಗಳು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯ ಬಾಗಿಲು ತುಸು ಬೇಗ ತೆರೆಯುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ದೊಡ್ಡ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ, ಬ್ಯಾಂಕುಗಳಲ್ಲಿ, ಪೊಲೀಸ್ ಇಲಾಖೆಯಲ್ಲಿಯೂ ಇದೇ ಪದ್ಧತಿ. ಹುಡುಗ ಹಾಜರಿ ಪುಸ್ತಕದಲ್ಲಿ ಗುಮಾಸ್ತ, ಇಲ್ಲವೆ ಫಿಟ್ಟರು. ಮಧ್ಯಾಹ್ನದ ಮೇಲೆ ಮೈದಾನದಲ್ಲಿ ಅಭ್ಯಾಸ. ಪಂದ್ಯವಿದ್ದರೆ ವಿಶೇಷ ರಜೆ, ಕೂಲಿ ಕಡಿತವಿಲ್ಲ. 1893ರಲ್ಲಿ ಯಾರ್ಕ್‌ಷೈರಿನವರು ಗೋಗರೆದು ಕೇಳಿ ಪಡೆಯದೆ ಹೋದುದು ಇಲ್ಲಿ ಸದ್ದಿಲ್ಲದೆ ನಡೆದುಹೋಯಿತು.

ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರ ಹೆಸರನ್ನು ತಮಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಮೇಲೆ ಆಡಿದ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಆಮೇಲೆ 137. ಒಟ್ಟು 91 ಟೆಸ್ಟುಗಳಲ್ಲಿ 6,080 ಓಟ. ಅಂಥವರೂ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದುಕೊಂಡೇ ಆಡಿದರು. ಅಂದಿನ ಟೆಸ್ಟ್ ಸಂಭಾವನೆಯಿಂದ ಒಂದು ಸಂಸಾರ ನಡೆಯುವಂತಿರಲಿಲ್ಲ.

ಇದೂ ಒಂದು ಬಗೆಯ ಮುಸುಕೇ ಅಲ್ಲವೆ ಎಂದರೆ, ಹೌದು. ಗುಮಾಸ್ತಗಿರಿ ಮಾಡದ ಗುಮಾಸ್ತ, ಸುತ್ತಿಗೆ ಹಿಡಿಯದ ಫಿಟ್ಟರು. ಪಕ್ಕದಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದವನಿಗೆ ಅದನ್ನು ಕಂಡು ಹೊಟ್ಟೆಯುರಿ ಆಗಿರಲೂ ಸಾಕು. ಆದರೆ ಈ ಮುಸುಕಿನ ಕೆಳಗೆ ಒಂದು ಮನುಷ್ಯತ್ವವಿತ್ತೆಂದು ನನಗೆ ತೋರುತ್ತದೆ. ಕಾರ್ಖಾನೆ ಕೊಡುತ್ತಿದ್ದುದು ಒಂದು ಪಂದ್ಯದ ಬೆಲೆಯಲ್ಲ, ಒಂದು ಆಯುಷ್ಯದ ಕೂಳು. ಮೊಣಕಾಲು ಮುರಿದರೆ ಕಾರ್ಖಾನೆಯ ಆಸ್ಪತ್ರೆ. ಮೂವತ್ತೈದು ದಾಟಿ ಓಟ ತಗ್ಗಿದ ಮೇಲೂ ಕುರ್ಚಿ ಇದ್ದೇ ಇರುತ್ತದೆ. ನಿವೃತ್ತಿಯ ದಿನ ಹಾರ, ಭವಿಷ್ಯನಿಧಿ. ಆಡುವ ಹುಡುಗನ ತಾಯಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಆ ಮರದ ನೆರಳು ಈಗ ಇಲ್ಲ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದಿಂದ ಒಂದೆರಡು ವಿಭಾಗಗಳು ಮತ್ತೆ ಉಸಿರಾಡಿದುವೆಂಬುದನ್ನು ಬಿಟ್ಟರೆ, ಹಿಂದಿನ ವೈಭವ ಹಿಂದಿನದೇ. ಕೆಲಸ ಕೊಟ್ಟು ಆಡಿಸುವವರು ಹೋದರು. ದುಡ್ಡು ಕೊಟ್ಟು ಆಡಿಸುವವರು ಬಂದರು. ದೊಡ್ಡ ಮಟ್ಟದಲ್ಲಿ ಅದು ಬಹಿರಂಗವಾಗಿಯೇ ನಡೆಯುತ್ತದೆ, ಒಳ್ಳೆಯದೇ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಎಂಬ ಆಟಗಾರನಿಗೆ ಎರಡೂವರೆ ಕೋಟಿಗೂ ಮೀರಿದ ಬೆಲೆ ಬಂತು. ಕ್ರಿಕೆಟ್ಟಿನ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗದ ಹೆಸರಿನದೇ ಒಂದು ತಂಡ ಉಂಟು. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ರಗ್ಬಿಯದೇ ಒಂದು ಲೀಗ್ ನಡೆದು, ಅದರಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಆಡಿತು. ಅಲ್ಲೆಲ್ಲ ಕರಾರುಪತ್ರವಿದೆ, ವೈದ್ಯರಿದ್ದಾರೆ, ವಿಮೆಯಿದೆ.

ನಡುವೆ ಸಿಕ್ಕಿ ನಲುಗುತ್ತಿರುವವನು ನಮ್ಮ ಲಕೋಟೆಯ ಹುಡುಗ.

ಅಂಥ ಒಬ್ಬನ ವಿಷಯ ಹೇಳಿಬಿಡುತ್ತೇನೆ. ಹೆಸರು ಬೇಡ. ಭದ್ರಾವತಿಯ ಹೊಸಮನೆಯ ಕಡೆಯವನು. ತಂದೆ ಗುತ್ತಿಗೆಯ ಕಾರ್ಮಿಕರಾಗಿದ್ದು ಕೆಲಸ ಕಳೆದುಕೊಂಡವರು. ಇವನು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ದಿನಗೂಲಿಗೆ ದುಡಿಯುತ್ತಿದ್ದ, ಸಂಜೆ ಕಬಡ್ಡಿ. ಎದುರಾಳಿಯ ಅಂಕಣಕ್ಕೆ ನುಗ್ಗಿದನೆಂದರೆ ಬರಿಗೈಯಲ್ಲಿ ಬಂದವನೇ ಅಲ್ಲ. ಮೂರು ವರ್ಷ ನಮ್ಮ ಸಂಘಕ್ಕೆ ಅತಿಥಿಯಾಗಿ ಆಡಿದ, ಎರಡು ಸಲ ಕಪ್ಪು ತಂದುಕೊಟ್ಟ. ನಾಲ್ಕನೆಯ ವರ್ಷ, ನಮ್ಮ ಪಂದ್ಯದಲ್ಲಿಯೇ, ಹಿಡಿತಕ್ಕೆ ಸಿಕ್ಕಿ ಬಿದ್ದವನು ಏಳಲಿಲ್ಲ. ಮೊಣಕಾಲಿನ ಲಿಗಮೆಂಟು ಹರಿದಿತ್ತು. ಶಸ್ತ್ರಚಿಕಿತ್ಸೆಯಾಗಬೇಕು, ಆರು ತಿಂಗಳು ಕೆಲಸವಿಲ್ಲ.

ಅವನ ಚಿಕಿತ್ಸೆಯ ವೆಚ್ಚಕ್ಕಾಗಿ ಸಂಘದ ಸಭೆ ಕರೆದೆವು. ಆಗ ಒಬ್ಬರು, ಕೆಟ್ಟವರೇನಲ್ಲ, ನಿಯಮ ಬಲ್ಲವರು, ಎದ್ದು ನಿಂತು ಕೇಳಿದರು: “ಮೇಷ್ಟ್ರೇ, ಈ ಹುಡುಗ ನಮ್ಮ ಸದಸ್ಯನೇ?” ಅಲ್ಲ. “ನಮ್ಮ ನೌಕರನೇ?” ಅಲ್ಲ. “ಹಾಗಾದರೆ ಪುಸ್ತಕದಲ್ಲಿ ಎಲ್ಲಾದರೂ ಅವನ ಹೆಸರಿದೆಯೆ?” ಪುಸ್ತಕ ನನ್ನ ಮುಂದೆಯೇ ಇತ್ತು. ನನ್ನದೇ ಅಕ್ಷರ. ಬಸ್ ಚಾರ್ಜು, ಬಸ್ ಚಾರ್ಜು, ಬಸ್ ಚಾರ್ಜು. ಸಂಘದ ನಿಧಿಯಿಂದ ಒಂದು ಪೈಸೆ ಕೊಡಲೂ ದಾರಿಯಿರಲಿಲ್ಲ. ಟೋಪಿ ತಿರುಗಿಸಿ ವಂತಿಗೆ ಎತ್ತಿದೆವು. ಬೇಕಾದುದರಲ್ಲಿ ಕಾಲು ಪಾಲೂ ಆಗಲಿಲ್ಲ. ಉಳಿದುದನ್ನು ಅವನ ತಾಯಿ ಚಿನ್ನವಿಟ್ಟು ಹೊಂದಿಸಿದರು.

ನೋಡಲು ಹೋದಾಗ ಅವನು ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ. “ನಿಮ್ಮದೇನ್ ತಪ್ಪು ಮೇಷ್ಟ್ರೇ, ದುಡ್ ಇಸ್ಕೊಂಡಿದ್ ನಾನು” ಎಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಗ್ಯಾರೇಜಲ್ಲಿ ಒಂದಿನದ ಕೂಲಿ ಬಿಟ್ಟು ಬರ್ತಿದ್ದೆ. ಅದ್ ಕೊಟ್ಟಿದ್ರೆ ಸಾಕಿತ್ತು. ಕದ್ದು ಕೊಟ್ರಲ್ಲ, ಅದಕ್ಕೆ ಎಲ್ರೂ ನನ್ನ ಕಾಸಿಗ್ ಆಡೋನು ಅಂದ್ರು” ಎಂದ. ಲಂಡನ್ನಿನ ಆ ಸಭೆಯಲ್ಲಿ ಯಾರ್ಕ್‌ಷೈರಿನವರು ವಾದಿಸಿದುದು ಇದಕ್ಕಿಂತ ಬೇರೆಯಿರಲಿಲ್ಲ. ಇವನಿಗೆ ಆ ಚರಿತ್ರೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ನನ್ನ ಅಭಿಪ್ರಾಯ ಹೇಳುವುದಾದರೆ, ಕಪ್ಪು ಗೆಲ್ಲುವುದಕ್ಕೋಸ್ಕರ ಹೊರಗಿನಿಂದ ಆಟಗಾರರನ್ನು ಕೊಂಡು ತರುವುದು ಸಣ್ಣ ಸಂಘಗಳಿಗೆ ಸಲ್ಲದ ಚಾಳಿ. ಚಂದಾ ಕೊಡುವ ತಂದೆತಾಯಿಗಳು ತಮ್ಮ ಮಕ್ಕಳು ಆಡಲಿ ಎಂದು ಕೊಡುತ್ತಾರೆಯೇ ಹೊರತು ಅಟ್ಟದ ಮೇಲೆ ಕಪ್ಪು ಹೊಳೆಯಲಿ ಎಂದಲ್ಲ. ಆದರೆ ಆಡಲು ಬಂದವನ ಕೂಲಿ ತಪ್ಪಿದರೆ ಅದನ್ನು ತುಂಬಿಕೊಡುವುದು ಬೇರೆಯೇ ಮಾತು. ಅದು ನಮ್ಮ ಬಡಾವಣೆಯ ಹುಡುಗನಿಗೂ ಸಲ್ಲಬೇಕು, ಹೊರಗಿನವನಿಗೂ ಸಲ್ಲಬೇಕು. ಕಾಲೇಜಿಗೆ ಹೋಗುವವನಿಗೆ ಅದು ಬೇಡದಿರಬಹುದು. ಪೈಂಟು ಹೊಡೆಯುವವನಿಗೆ, ಆಟೋ ಓಡಿಸುವವನಿಗೆ ಬೇಕು. ಈ ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಅಂಟಿಸಿದುದೇ ನಮ್ಮ ತಪ್ಪು. ಲಕೋಟೆ ಅಂಟಿಸಿದ ಮೇಲೆ ಒಳಗಿರುವುದು ಹಕ್ಕಿನ ಹಣವೋ ಆಮಿಷದ ಹಣವೋ ಕೊಟ್ಟವನಿಗೂ ಗೊತ್ತಾಗುವುದಿಲ್ಲ.

ಬರೆಯುವುದಕ್ಕೆ ಕಾನೂನಿನ ಅಡ್ಡಿಯಿದೆಯೋ ಎಂದರೆ, ಅದೂ ಇಲ್ಲ. ನಮ್ಮಂಥ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಣಿಯಾಗಿರುತ್ತವೆ. ವರ್ಷವರ್ಷವೂ ಲೆಕ್ಕ ಒಪ್ಪಿಸಲೇಬೇಕು. ಒಪ್ಪಿಸುವ ಲೆಕ್ಕದಲ್ಲಿ ‘ಆಟಗಾರರ ದಿನಗೂಲಿ ಭರ್ತಿ’ ಎಂದು ಬರೆದರೆ ಯಾವ ಅಧಿಕಾರಿಯೂ ಬಾಗಿಲು ಬಡಿಯುವುದಿಲ್ಲ. ಹೆಸರು ಪುಸ್ತಕಕ್ಕೆ ಬಂದರೆ ಆ ಹೆಸರಿನ ಮೇಲೆ ಗುಂಪು ಅಪಘಾತ ವಿಮೆ ಇಳಿಸಬಹುದು. ವಿಮಾ ಕಂಪನಿಗಳಲ್ಲಿ ಅಂಥ ಪಾಲಿಸಿಗಳು ಉಂಟು. ಲಕೋಟೆಗೆ ಯಾರೂ ವಿಮೆ ಇಳಿಸುವುದಿಲ್ಲ. ಪಾಲಿಸಿ ಕೊಳ್ಳುವಾಗ ಒಂದನ್ನು ಕೇಳಿ ತಿಳಿಯಬೇಕು: ಪಂದ್ಯದಲ್ಲಿ ಆದ ಪೆಟ್ಟು ಅದರೊಳಗೆ ಬರುತ್ತದೆಯೇ, ಆಸ್ಪತ್ರೆಯ ಖರ್ಚು ಬರುತ್ತದೆಯೇ ಎಂದು. ಕೇಳದೆ ರುಜು ಹಾಕಿದವರು ಆಮೇಲೆ ಪೇಚಾಡುತ್ತಾರೆ.

ನಮ್ಮ ಸಂಘದಲ್ಲಿ ಈ ಬದಲಾವಣೆ ಸಲೀಸಾಗಿ ಆಯಿತೆಂದು ಹೇಳಲಾರೆ. “ಬರೆದರೆ ಜನ ಏನೆಂದಾರು?” ಎಂದು ಒಬ್ಬರು. “ಬರೆದರೆ ಎಲ್ಲರೂ ಕೇಳುತ್ತಾರೆ” ಎಂದು ಇನ್ನೊಬ್ಬರು. ಎರಡನೆಯವರ ಮಾತಿನಲ್ಲಿ ಹುರುಳಿತ್ತು. ಎಲ್ಲರೂ ಕೇಳಿದರು. ಲೆಕ್ಕ ಹಾಕಿ ನೋಡಿದರೆ, ಮೂವರು ಅತಿಥಿಗಳಿಗೆ ಕತ್ತಲಲ್ಲಿ ಕೊಡುತ್ತಿದ್ದ ಮೊತ್ತದಲ್ಲಿ ನಮ್ಮವರೇ ಹನ್ನೆರಡು ಹುಡುಗರಿಗೆ ಪಂದ್ಯದ ದಿನದ ಕೂಲಿ ಕೊಟ್ಟು, ವಿಮೆಯ ಕಂತು ಕಟ್ಟಿ, ಮೇಲೆ ಎರಡು ಜೊತೆ ಮೊಣಕಾಲಿನ ಪಟ್ಟಿಗೂ ಉಳಿಯುತ್ತಿತ್ತು. ಅತಿಥಿಗಳಿಲ್ಲದ ಮೊದಲ ವರ್ಷ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂತು. ಎರಡನೆಯ ವರ್ಷ ಒಂದು ಸುತ್ತು ದಾಟಿತು.

ನಾನು ಖಜಾಂಚಿಗಿರಿಯನ್ನು ಬಿಟ್ಟುಕೊಟ್ಟಿದ್ದೇನೆ. ಬಿಡುವ ಮೊದಲು ಹಳೆಯ ಪುಸ್ತಕವನ್ನು ತೆರೆದು, ಆರು ವರ್ಷದ ಬಸ್ ಚಾರ್ಜಿನ ಪಕ್ಕದಲ್ಲಿ, ನೆನಪಿದ್ದಷ್ಟು ಮಟ್ಟಿಗೆ, ಯಾರಿಗೆ ಯಾವ ಪಂದ್ಯಕ್ಕೆ ಎಷ್ಟು ಎಂದು ಕೆಂಪು ಮಸಿಯಲ್ಲಿ ಬರೆದು ಸಹಿ ಹಾಕಿ ಸಭೆಯ ಮುಂದಿಟ್ಟೆ. ಇಬ್ಬರು ಸದಸ್ಯರು ನನ್ನೊಡನೆ ಮಾತು ಬಿಟ್ಟರು. ಆ ಹುಡುಗನ ಕಾಲು ಮಡಚಲು ಬರುತ್ತದೆ, ಅಂಕಣಕ್ಕೆ ಇಳಿಯುವಂತಿಲ್ಲ. ಗ್ಯಾರೇಜಿಗೆ ಹೋಗುತ್ತಾನೆ. ಭಾನುವಾರಗಳಂದು ನಮ್ಮ ಹುಡುಗರಿಗೆ ತರಬೇತಿ ಕೊಡಲು ಬರುತ್ತಾನೆ. ಅದಕ್ಕೆ ಸಂಘ ಕೊಡುವ ಹಣ ಹೊಸ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ, ಅವನದೇ ರುಜುವಿನೊಡನೆ ಇದೆ. ಬಸ್ ಚಾರ್ಜನ್ನು ಬೇರೆಯಾಗಿ ಕೊಡುತ್ತಾರೆ.